ಇಸ್ತ್ರಿ ಮಾಡಿದ ಹಾಳೆಗಳು

ಆ ಮನೆಯಲ್ಲಿ ಸಂಜೆ ಹೊತ್ತು ಕುಕ್ಕರ್ ಕೂಗುವಂತಿರಲಿಲ್ಲ. ಕೂಗುವ ಸೂಚನೆ ಕಂಡರೆ ಸಾಕು, ನಾದಿನಿ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಅಡುಗೆಮನೆಗೆ ಓಡುತ್ತಿದ್ದಳು. ಒಲೆ ಸಣ್ಣ ಮಾಡಿ, ಚಮಚದ ತುದಿಯಿಂದ ಸೀಟಿಯನ್ನು ಚೂರೇ ಚೂರು ಎತ್ತಿ, ಹಬೆಯನ್ನು ಸದ್ದಿಲ್ಲದೆ ಬಿಡುತ್ತಿದ್ದಳು. ಬಟ್ಟೆ ಕೊಡಲು ಬಂದವರು ದನಿ ಎತ್ತರಿಸಿದರೆ ತುಟಿಯ ಮೇಲೆ ಬೆರಳಿಟ್ಟು, ಮುಚ್ಚಿದ ಬಾಗಿಲನ್ನು ಕಣ್ಣಲ್ಲೇ ತೋರಿಸುತ್ತಿದ್ದಳು.

"ಮೆಲ್ಲಗೆ. ಅತ್ತಿಗೆ ಬರೀತಿದ್ದಾರೆ."

ಬಾಗಿಲ ಆಚೆ ಅತ್ತಿಗೆ ಬರೆಯುತ್ತಿರಲಿಲ್ಲ.

ಅವಳು ಪ್ರೌಢಶಾಲೆಯೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ಪ್ರನಾಳ ತೊಳೆಯುವುದು, ಸ್ಪಿರಿಟ್ ದೀಪಕ್ಕೆ ಬತ್ತಿ ಹಾಕುವುದು, ಸೀಸೆಗಳಿಗೆ ಚೀಟಿ ಬರೆದು ಅಂಟಿಸುವುದು ಅವಳ ಕೆಲಸ. ಅವಳ ಅಕ್ಷರ ಅಚ್ಚಿನ ಹಾಗೆ. ಚೀಟಿಯ ಮೇಲೆ ಒಂದು ಅಕ್ಷರ ಸೊಟ್ಟಗಾದರೂ ಕಿತ್ತು ಹೊಸ ಚೀಟಿ ಬರೆಯುತ್ತಿದ್ದಳು. ಆದರೆ ಬೀದಿಯಲ್ಲಿ ಅವಳನ್ನು ಯಾರೂ ಲ್ಯಾಬಿನವಳು ಅನ್ನುತ್ತಿರಲಿಲ್ಲ. ಎಲ್ಲರಿಗೂ ಅವಳು ಕಥೆಗಾರ್ತಿ.

ಆ ಹೆಸರಿಗೆ ಕಾರಣ ಒಂದೇ ಒಂದು ಕಥೆ. ಮದುವೆಗೆ ಮುಂಚೆ ಅದು ವಾರಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಎರವಲು ತಂದ ಕೊಡೆಯನ್ನು ಹಿಂದಿರುಗಿಸಲು ಹೋದ ಹುಡುಗಿ, ಕೊಡೆಯ ಒಡತಿ ತೀರಿಕೊಂಡಿದ್ದಾಳೆಂದು ತಿಳಿದು, ಕೊಡೆ ಹಿಡಿದುಕೊಂಡೇ ಬಾಗಿಲಲ್ಲಿ ನಿಲ್ಲುವ ಕಥೆ. ಅದನ್ನು ಬರೆಯಲು ಅವಳಿಗೆ ಒಂದು ಮಧ್ಯಾಹ್ನ ಹಿಡಿದಿತ್ತು, ಅಷ್ಟೆ. ಹೇಗೆ ಬಂತು ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಅವಳ ಅಪ್ಪ ಆ ಪತ್ರಿಕೆಯನ್ನು ತಂದಿಟ್ಟರು. ಗಂಡಿನ ಕಡೆಯವರ ಜೊತೆ ಬಂದಿದ್ದ ತಂಗಿ, ಇನ್ನೂ ಲಂಗದ ವಯಸ್ಸಿನವಳು, ಮೂಲೆಯಲ್ಲಿ ಕೂತು ಅದನ್ನು ಓದಿ ಎಲ್ಲರೆದುರು ಅತ್ತಳು. "ಇವರೇ ನಂಗೆ ಅತ್ತಿಗೆ ಆಗಬೇಕು" ಅಂದಳು. ಹುಡುಗನ ಒಪ್ಪಿಗೆ ಕೇಳಿದ್ದು ಆಮೇಲೆ.

ಆ ಹುಡುಗಿಯೇ ಈಗ ಪ್ಯಾಸೇಜಿನಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದವಳು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು, ಮದುವೆ ಬೇಡವೆಂದು ಹಟ ಹಿಡಿದು ಗೆದ್ದಿದ್ದಳು, ಸುತ್ತಲಿನ ನಾಲ್ಕೈದು ಬೀದಿಯ ಬಟ್ಟೆಗಳನ್ನು ತಂದುಕೊಂಡು ತನ್ನ ಕಾಲ ಮೇಲೆ ತಾನು ನಿಂತಿದ್ದಳು. ಅವಳ ಅಪ್ಪ ತೀರಿಕೊಂಡು ಬೀದಿ ಕಡೆಯ ಕೋಣೆ ಖಾಲಿಯಾದಾಗ ಅದು ಅವಳಿಗೇ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಬೀದಿಗೆ ತೆರೆಯುವ ಕಿಟಕಿ ಇತ್ತು. ಬಟ್ಟೆ ಅಲ್ಲೇ ತೆಗೆದುಕೊಂಡು ಅಲ್ಲೇ ಕೊಡಬಹುದು. ಗಾಳಿ ಬರುತ್ತದೆ. ಅವಳು ಮೇಜು ಹಿಡಿಸುತ್ತದೋ ಇಲ್ಲವೋ ಎಂದು ದಾರದಲ್ಲಿ ಅಳೆದೂ ನೋಡಿದ್ದಳು. ಮರುದಿನ ಏನು ಹೊಳೆಯಿತೋ, ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದಳು:

"ಆ ಕೋಣೆ ಅತ್ತಿಗೆಗೆ ಇರಲಿ. ಒಂದು ಕೋಣೆ ಇಲ್ಲದೆ ಅವರು ಹೇಗೆ ಬರೀತಾರೆ? ನಂಗೇನು, ಪ್ಯಾಸೇಜು ಸಾಕು."

ಅಣ್ಣ ಲಿಫ್ಟ್ ರಿಪೇರಿ ಕೆಲಸದವನು. "ಸರಿ ಬಿಡು. ಆದರೆ ನಿನ್ನ ಅತ್ತಿಗೆ ಕಥೆಯೂ ನನ್ನ ಲಿಫ್ಟೂ ಒಂದೇ. ಮಧ್ಯದಲ್ಲಿ ನಿಂತರೆ ಒಳಗಿದ್ದವರಿಗೂ ಕಷ್ಟ, ಹೊರಗಿದ್ದವರಿಗೂ ಕಷ್ಟ" ಅಂದ.

"ಸುಮ್ನಿರಣ್ಣ. ನಿಂಗೆ ಗ್ರೀಸು ಬಿಟ್ಟು ಏನು ಗೊತ್ತು?"

ಮೊದಮೊದಲು ಅತ್ತಿಗೆ ಬರೆಯಲು ನಿಜವಾಗಿಯೂ ಪ್ರಯತ್ನಪಟ್ಟಳು. ಒಂದು ವಾಕ್ಯ ಬರೆಯುವಳು. ಓದುವಳು. ಕೊಡೆಯ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಅದು ಸೊಟ್ಟಗೆ ಅಂಟಿಸಿದ ಚೀಟಿಯ ಹಾಗೆ ಕಾಣುತ್ತಿತ್ತು. ಅಳಿಸುವಳು. ಹಾಗೇ ಅಳಿಸುತ್ತಾ ಅಳಿಸುತ್ತಾ ಕೊನೆಗೆ ಬರೆಯುವುದನ್ನೇ ಬಿಟ್ಟಳು, ಕೋಣೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಪೆನ್ಸಿಲ್ ಚೂಪು ಮಾಡುತ್ತಾ, ಕಿಟಕಿಯಲ್ಲಿ ಬೀದಿ ನೋಡುತ್ತಾ ಕೂರುವಳು. ಎಷ್ಟೋ ಸಂಜೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗುವಳು. ಎದ್ದು ಬಂದಾಗ ನೋಟ್‌ಬುಕ್ಕಿನ ಸುರುಳಿ ತಂತಿ ಕೆನ್ನೆಯ ಮೇಲೆ ಅಚ್ಚೊತ್ತಿರುತ್ತಿತ್ತು. ನಾದಿನಿ ಅದನ್ನು ನೋಡಿ ಮರುಗುವಳು.

"ಅಯ್ಯೋ, ಎಷ್ಟು ಬಗ್ಗಿ ಬರೀತೀರಾ ಅತ್ತಿಗೆ! ಕಣ್ಣು ಹಾಳಾಗಲ್ವಾ? ಎಲ್ಲಿವರೆಗೆ ಬಂತು?"

ಒಮ್ಮೆ ಅವಳ ಬಾಯಿಂದ "ಅರ್ಧ ಆಯ್ತು" ಎಂದು ಬಂದುಬಿಟ್ಟಿತು. ಪ್ಯಾಸೇಜಿನ ಸೆಖೆಯಲ್ಲಿ ಬೆವೆತು, ಕುತ್ತಿಗೆಯ ತುಂಬ ಬೆವರುಸಾಲೆ ಎದ್ದು, ಅದರ ಮೇಲೆ ಬಿಳಿ ಪೌಡರ್ ಮೆತ್ತಿಕೊಂಡು ನಿಂತಿದ್ದವಳಿಗೆ ಬೇರೆ ಏನು ಹೇಳುವುದು? ನಾದಿನಿಯ ಮುಖ ಅರಳಿತು. ಮರುದಿನ ಬಟ್ಟೆ ಕೊಡಲು ಬಂದವರಿಗೆಲ್ಲ ಕಾದಂಬರಿ ಅರ್ಧ ಆಗಿರುವ ಸುದ್ದಿ ಮುಟ್ಟಿತು. ಅಂದಿನಿಂದ ಅದು ಅರ್ಧದಲ್ಲೇ ಇತ್ತು.

ಹೇಳಿಬಿಡಬೇಕು ಎಂದು ಅವಳು ಅಂದುಕೊಳ್ಳದೇ ಇರಲಿಲ್ಲ. ಆದರೆ ಸುಳ್ಳು ಎಷ್ಟು ಹಳೆಯದಾಗುತ್ತದೋ ಅದನ್ನು ಬಿಚ್ಚುವುದಕ್ಕೆ ಅಷ್ಟು ಹೆಚ್ಚು ಮುಖ ಬೇಕಾಗುತ್ತದೆ. ಅಷ್ಟು ಮುಖ ಅವಳಲ್ಲಿರಲಿಲ್ಲ.

ಆ ಹೊತ್ತಿಗೆ ಕನ್ನಡಕದಂಗಡಿಯವರು ಒಂದು ಸುದ್ದಿ ತಂದರು. ಅವರ ಶರ್ಟುಗಳೆಲ್ಲ ಬರುತ್ತಿದ್ದುದು ನಾದಿನಿಯ ಮೇಜಿಗೆ. ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಭಾನುವಾರ ಬರವಣಿಗೆಯ ಕಮ್ಮಟ ಶುರುವಾಗಿದೆ, ಅಂಗಡಿಯ ಜಾಹೀರಾತಿಗೆ ಪ್ರಾಸ ಹೊಂದಿಸುವುದು ಕಲಿಯಬೇಕೆಂದು ತಾನೂ ಸೇರಿದ್ದೇನೆ ಎಂದರು.

"ನಮ್ಮ ಅತ್ತಿಗೇನೂ ಬರ್ತಾರೆ" ಅಂದಳು ನಾದಿನಿ, ಕಾಲರ್ ತಿರುವಿ ಹಾಕುತ್ತಾ. "ಕಲಿಯೋಕಲ್ಲ. ಹಾಗೇ ಸುಮ್ನೆ. ನಿಮಗೆಲ್ಲ ಸ್ವಲ್ಪ ಉಪಕಾರ ಆಗುತ್ತೆ."

ಬಾಗಿಲ ಹಿಂದೆ ಕೂತು ಇದನ್ನು ಕೇಳಿಸಿಕೊಂಡವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಒಂದು ಆಸೆ ಇತ್ತು. ಅಲ್ಲಿ ಏನಾದರೂ ಸಿಕ್ಕೀತು. ಸಿಕ್ಕಿದ ಮೇಲೆ, ನಾದಿನಿಗೆ ಏನೂ ಗೊತ್ತಾಗದ ಹಾಗೆ, ಅರ್ಧ ಆಗಿದೆ ಅಂದದ್ದನ್ನು ನಿಜ ಮಾಡಿಬಿಡಬಹುದು.

ಕಮ್ಮಟ ನಡೆಸುತ್ತಿದ್ದವರು ಪತ್ರಿಕೆಯಲ್ಲಿ ದುಡಿದು ನಿವೃತ್ತರಾದವರು. ಎಲ್ಲರೂ ಅವರನ್ನು ಸಂಪಾದಕರು ಎಂದೇ ಕರೆಯುತ್ತಿದ್ದರು. ಭಾಷಣ ಕಡಿಮೆ, ಕೆಲಸ ಜಾಸ್ತಿ. ಮೊದಲ ದಿನವೇ ಗೋಡೆ ಗಡಿಯಾರ ತೋರಿಸಿ, "ದೊಡ್ಡ ಮುಳ್ಳು ಮೇಲಕ್ಕೆ ಬರೋವರೆಗೂ ಪೆನ್ನು ಕಾಗದ ಬಿಟ್ಟು ಏಳಬಾರದು. ಓದಬಾರದು, ಹೊಡೆದುಹಾಕಬಾರದು. ಏನೂ ಬರದಿದ್ದರೆ ಏನೂ ತೋಚುತ್ತಿಲ್ಲ ಅಂತಲೇ ಬರೀರಿ. ಬೇಜಾರಾಗಿ ಕೈಯೇ ಬೇರೆ ಏನಾದರೂ ಬರೆಯುತ್ತೆ" ಅಂದರು.

ಕನ್ನಡಕದಂಗಡಿಯವರ ಕೈ ಬೇಜಾರಾಗಿ ತನ್ನ ಮಾವನನ್ನು ಬೈದು ಎರಡು ಪುಟ ಬರೆಯಿತು. ಅವಳ ಕೈ ಬೇಜಾರು ಮಾಡಿಕೊಳ್ಳಲೇ ಇಲ್ಲ. ಪುಟದ ಮೇಲಿನಿಂದ ಕೆಳಗಿನವರೆಗೂ 'ಏನೂ ತೋಚುತ್ತಿಲ್ಲ' ಎಂದು, ಸೀಸೆಯ ಚೀಟಿಯ ಹಾಗೆ ದುಂಡಗೆ, ಒಂದರ ಕೆಳಗೊಂದು ಸಾಲು ಹಿಡಿದು ಬರೆದಿತ್ತು. ಸಂಪಾದಕರು ಅದನ್ನು ಎತ್ತಿ ಹಿಡಿದು ನೋಡಿದರು.

"ಅಕ್ಷರ ಮುತ್ತಿನ ಹಾಗಿದೆಯಮ್ಮ. ಇಷ್ಟು ಚೆಂದವಾಗಿ ಏನೂ ತೋಚದೇ ಇದ್ದವರನ್ನು ನಾನು ನೋಡಿರಲಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಾಗ ಕಿವಿ ಕಾದಿತ್ತು.

ಆಮೇಲಿನ ಭಾನುವಾರಗಳಲ್ಲಿ ಬೇರೆ ಬೇರೆ ಅಭ್ಯಾಸಗಳು ಬಂದವು. ಚೀಲದಲ್ಲಿರುವ ಒಂದು ವಸ್ತುವನ್ನು ತೆಗೆದು, ಅದು ಕಳೆದುಹೋದರೆ ಯಾರ ಕೈಗೆ ಸಿಗುತ್ತದೆ ಎಂದು ಬರೆಯಿರಿ. ಬಸ್ಸಿನಲ್ಲೋ ಅಂಗಡಿಯಲ್ಲೋ ಕಿವಿಗೆ ಬಿದ್ದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ, ಮುಂದಿನ ಮಾತು ನೀವೇ ಹೇಳಿ. ಕಥೆಯನ್ನು ಕೊನೆಯ ವಾಕ್ಯದಿಂದ ಶುರು ಮಾಡಿ. ಉಳಿದವರು ಕಿಲಕಿಲ ನಗುತ್ತಾ ಬರೆದರು, ಒಬ್ಬರಿಗೊಬ್ಬರು ಓದಿ ಹೇಳಿದರು. ಅವಳು ಚೀಲದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಳು. 'ಕಥೆಗಾರ್ತಿ' ಎನ್ನುವ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ಬಂದು ಕುರ್ಚಿ ಹಿಡಿದಿತ್ತು. ಕೆಟ್ಟದಾಗಿ ಬರೆಯುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತು, ಅವಳೊಬ್ಬಳಿಗೆ ಇರಲಿಲ್ಲ.

ಸಂಪಾದಕರಿಗೆ ಅದು ಕಂಡಿರಬೇಕು. ಒಂದು ದಿನ ಮೆಟ್ಟಿಲು ಇಳಿಯುವಾಗ ಅವಳಿಗೊಬ್ಬಳಿಗೇ ಹೇಳಿದರು:

"ನಿಮಗೆ ಬೇರೆ ಮದ್ದು. ಕೋಣೆಯಲ್ಲಿ ಕಸದ ಬುಟ್ಟಿ ಇದೆಯಾ?"

"ಇದೆ ಸರ್."

"ಯಾವತ್ತಾದರೂ ತುಂಬಿತ್ತಾ?"

ಅವಳು ಒಂದು ಮೆಟ್ಟಿಲು ಇಳಿದಳು.

"ಪುಟ ತುಂಬಿಸೋ ಯೋಚನೆ ಬಿಡಿ. ಬುಟ್ಟಿ ತುಂಬಿಸಿ. ಬೇಕಂತಲೇ ಕೆಟ್ಟದಾಗಿ ಬರೀರಿ, ಮುದುರಿ ಎಸೀರಿ. ಎಸೆಯೋದಕ್ಕೇ ಬರೆಯೋದು ಅಂತ ಕೈಗೆ ಗೊತ್ತಾದರೆ ಅದರ ಬಿಗುವು ಹೋಗುತ್ತೆ."

ಮನೆಗೆ ಬಂದು ಆ ಬುಟ್ಟಿಯನ್ನು ನೋಡಿದಾಗ ಅವಳಿಗೆ ಮೊದಲು ಬಂದದ್ದು ಬರೆಯುವ ಉತ್ಸಾಹವಲ್ಲ, ಭಯ. ಕೋಣೆ ಗುಡಿಸುವವಳು ನಾದಿನಿ. ಇಷ್ಟು ವರ್ಷದಲ್ಲಿ ಈ ಬುಟ್ಟಿಯಲ್ಲಿ ಪೆನ್ಸಿಲ್ ಸಿಪ್ಪೆ ಬಿಟ್ಟು ಬೇರೆ ಏನೂ ಬಿದ್ದಿರಲಿಲ್ಲ. ಒಂದು ಕಾದಂಬರಿ ಅರ್ಧ ಆದ ಮನೆಯ ಬುಟ್ಟಿ ಹೀಗಿರುತ್ತದೆಯೇ? ಅವಳು ಗಮನಿಸಿದ್ದರೆ?

ಆ ಸಂಜೆ ಅವಳು ನೋಟ್‌ಬುಕ್ಕಿನಿಂದ ಖಾಲಿ ಹಾಳೆಗಳನ್ನು ಹರಿದು, ಕೈಯಲ್ಲಿ ಮುದುರಿ, ಒಂದೊಂದಾಗಿ ಬುಟ್ಟಿಗೆ ಹಾಕಿದಳು. ಹಾಳೆ ಮುದುರುವ ಸದ್ದು ಹೊರಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಮುದುರಿದಳು. ಪ್ಯಾಸೇಜಿನಲ್ಲಿ ನಾದಿನಿ ಯಾರಿಗೋ ಪಿಸುಗುಡುವುದು ಕೇಳಿಸಿತು: "ಇವತ್ತು ಭರ್ಜರಿ ನಡೀತಿದೆ."

ಬೆಳಿಗ್ಗೆ ಬುಟ್ಟಿ ಖಾಲಿಯಾಗಿತ್ತು. ನಾದಿನಿಯ ಮುಖದಲ್ಲಿ ಒಂದು ಬೆಳಕಿತ್ತು.

ಖಾಲಿ ಹಾಳೆ ಬಿಚ್ಚಿ ನೋಡಿದರೆ ಸಿಕ್ಕಿಬೀಳುತ್ತೇನೆ ಎಂದು ಎರಡು ದಿನ ಬಿಟ್ಟು ಹೊಳೆಯಿತು. ಅಂದಿನಿಂದ ಏನಾದರೂ ನಕಲು ಮಾಡಿ ಎಸೆಯತೊಡಗಿದಳು. ಕೈಗೆ ಸಿಕ್ಕಿದ್ದೆಲ್ಲ ಆದೀತು. ಸೋಪಿನ ಪುಡಿಯ ಪೊಟ್ಟಣದ ಹಿಂದಿನ ಸೂಚನೆ, ಬಸ್ಸಿನ ವೇಳಾಪಟ್ಟಿ, ಲ್ಯಾಬಿನ ಗೋಡೆಯ ಮೇಲೆ ಅಂಟಿಸಿದ ಎಚ್ಚರಿಕೆಗಳು. ಕೈ ನಿಲ್ಲದೆ ಓಡುತ್ತಿತ್ತು. ಬರೆದು, ಮಧ್ಯದಲ್ಲಿ ಗೀಟು ಎಳೆದು, ಮುದುರಿ ಎಸೆಯುವಳು. ಗೀಟು ಎಳೆದರೆ ಹೆಚ್ಚು ನಿಜ ಅನ್ನಿಸುತ್ತದೆ ಎಂಬುದನ್ನೂ ಯೋಚಿಸಿದ್ದಳು. ಒಂದು ಕಥೆಗೆ ಹಾಕಬೇಕಾದ ಬುದ್ಧಿಯನ್ನೆಲ್ಲ ಅವಳು ಈ ಬುಟ್ಟಿಗೆ ಹಾಕಿದಳು. ಇದು ತಿಳಿದಿದ್ದರಿಂದಲೇ ಊಟಕ್ಕೆ ಕೂತಾಗ ನಾದಿನಿ ಬಡಿಸುವ ಕೈಯನ್ನು ಅವಳು ನೋಡುತ್ತಿರಲಿಲ್ಲ.

ಕಮ್ಮಟದ ಕೊನೆಯ ಭಾನುವಾರ ಮನೆಯವರನ್ನೂ ಕರೆಯಬಹುದು, ಪ್ರತಿಯೊಬ್ಬರೂ ಒಂದು ಪುಟ ಓದಬೇಕು ಎಂದು ಸಂಪಾದಕರು ಹೇಳಿದರು. ಅವಳು ಆ ವಿಷಯವನ್ನು ಮನೆಯಲ್ಲಿ ಬಾಯಿ ಬಿಡಲಿಲ್ಲ. ತಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ ಬಂದರಾಯಿತು ಎಂದುಕೊಂಡಳು. ಕನ್ನಡಕದಂಗಡಿಯವರು ಎಂಬುವವರು ಒಬ್ಬರಿದ್ದಾರೆ ಎಂಬುದನ್ನು ಮರೆತಿದ್ದಳು.

ಯಾರೋ ಅಜ್ಜನ ಊರುಗೋಲಿನ ಬಗ್ಗೆ ಓದಿ ಕೂರುತ್ತಿದ್ದ ಹಾಗೆ ಮಹಡಿಯ ಬಾಗಿಲಲ್ಲಿ ನಾದಿನಿ ಕಂಡಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು. ಹೊಸ ಶರ್ಟುಗಳು ಬರುವ ರಟ್ಟಿನ ಡಬ್ಬವೊಂದನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹಿಂದೆ ಅವಳಣ್ಣ, ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು.

ಅವಳು ನೇರವಾಗಿ ಸಂಪಾದಕರ ಮುಂದೆ ಹೋಗಿ ನಿಂತಳು.

"ಸರ್, ನಮ್ಮ ಅತ್ತಿಗೆ ತಾವಾಗೇ ಓದೋರಲ್ಲ. ಅವರದು ಸಂಕೋಚದ ಸ್ವಭಾವ. ಬರೆದಿದ್ದನ್ನೆಲ್ಲ ಮುದುರಿ ಎಸೆದುಬಿಡ್ತಾರೆ. ನಾನು ಒಂದನ್ನೂ ಬಿಟ್ಟಿಲ್ಲ."

ಡಬ್ಬ ತೆರೆದಳು. ಒಳಗೆ ಹಾಳೆಗಳು ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ, ಅಂಗಡಿಯಿಂದ ತಂದಷ್ಟು ಸಪಾಟಾಗಿದ್ದವು. ಹತ್ತಿರದಿಂದ ನೋಡಿದರೆ ಮಾತ್ರ ಸುಕ್ಕಿನ ಸಣ್ಣ ಗೆರೆಗಳು.

"ಇಸ್ತ್ರಿ ಮಾಡಿದ್ದೀನಿ. ಮೇಲೆ ತೆಳು ಬಟ್ಟೆ ಹಾಕಿ, ಕಾವು ಕಡಿಮೆ ಇಟ್ಟು. ಶಾಯಿ ಒಂಚೂರೂ ಹರಡಿಲ್ಲ ನೋಡಿ. ಒಂದೇ ಒಂದು ಹಾಳೆ ಕಂದು ಬಣ್ಣಕ್ಕೆ ತಿರುಗಿತು, ಅದು ನನ್ನ ತಪ್ಪು."

ಹಿಂದಿನ ಸಾಲಿನಲ್ಲಿ ಕೂತವಳು ಮುಂದಿನ ಕುರ್ಚಿಯ ಬೆನ್ನು ಹಿಡಿದಳು. ಸಂಪಾದಕರು ಮೇಲಿನ ಹಾಳೆ ಎತ್ತಿ ಓದಿದರು. ಇನ್ನೊಂದು ಎತ್ತಿದರು. ನಡುವೆ ಬಂದ ಖಾಲಿ ಹಾಳೆಗಳನ್ನು ಬೆಳಕಿಗೆ ಹಿಡಿದರು.

"ಖಾಲಿ ಇರೋದನ್ನೂ ಇಟ್ಟಿದ್ದೀನಿ ಸರ್" ಅಂದಳು ನಾದಿನಿ. "ಬರೆಯೋರಿಗೆ ಅದೂ ಏನೋ ಇರುತ್ತೆ. ನಮಗೇನು ಗೊತ್ತಾಗುತ್ತೆ?"

ಸಂಪಾದಕರು ತಲೆಯೆತ್ತಿ ಹಿಂದಿನ ಸಾಲನ್ನು ನೋಡಿದರು. ಆ ನೋಟದಲ್ಲಿ ಎಲ್ಲ ಗೊತ್ತಾಗಿದೆ ಎಂಬುದು ಇತ್ತು. ಹೇಳುವುದು ಬಿಡುವುದು ನಿಮಗೆ ಸೇರಿದ್ದು ಎಂಬುದೂ ಇತ್ತು.

"ಓದ್ತೀರೇನಮ್ಮ?" ಎಂದು ಕೇಳಿದರು.

ಆಗ ಹೇಳಿಬಿಡಬಹುದಿತ್ತು. ಇದು ಕಥೆಯಲ್ಲ, ನಕಲು ಎನ್ನಲು ಎರಡು ಮಾತು ಸಾಕಿತ್ತು. ಅವಳು ಎದ್ದು ಮುಂದೆ ಬಂದಳು. ನಾದಿನಿ ಮೇಲಿನ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಅವಳು ಆ ಮುಖ ನೋಡಿದಳು, ಎದುರಿನ ಕುರ್ಚಿಗಳಲ್ಲಿ ಕೂತವರನ್ನು ನೋಡಿದಳು, ಬಾಯಿ ತೆರೆದಳು. ಬಂದದ್ದು ಹಾಳೆಯಲ್ಲಿದ್ದ ಮಾತು.

"ಆಸಿಡ್‌ಗೆ ನೀರು ಸುರಿಯಬಾರದು. ನೀರಿಗೆ ಆಸಿಡ್ ಸುರಿಯಬೇಕು. ನಿಧಾನವಾಗಿ. ಕಲಕುತ್ತಾ. ಕಣ್ಣು ದೂರವಿಟ್ಟು. ಚೆಲ್ಲಿದರೆ ಒರೆಸಲು ಹೋಗಬೇಡಿ. ದೊಡ್ಡವರನ್ನು ಕರೆಯಿರಿ."

ನಿಲ್ಲಿಸಿ ನಿಲ್ಲಿಸಿ ಓದಿದಳು. ದನಿ ನಡುಗಿತು. ನಡುಗಿದ್ದು ಹೆದರಿಕೆಗೆ, ಆದರೆ ಕೇಳಿದವರಿಗೆ ಅದು ಭಾವ ಅನ್ನಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೊಸ ಕವಿಯೊಬ್ಬ "ಅಬ್ಬಾ, ಸಂಸಾರವನ್ನೇ ಹೇಳಿಬಿಟ್ಟರು" ಎಂದು ಪಕ್ಕದವನಿಗೆ ಹೇಳಿದ. ಸಂಪಾದಕರು ಚಪ್ಪಾಳೆ ತಟ್ಟಲಿಲ್ಲ. ಹಾಳೆ ವಾಪಸು ತೆಗೆದುಕೊಳ್ಳುವಾಗ ಅವಳಿಗೆ ಮಾತ್ರ ಕೇಳುವ ಹಾಗೆ, "ಬುಟ್ಟಿಯೇನೋ ತುಂಬಿದೆ" ಎಂದರು.

ನಾದಿನಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಎಷ್ಟೋ ವರ್ಷದ ಹಿಂದೆ ಕೊಡೆಯ ಕಥೆ ಓದಿ ಅತ್ತ ಹಾಗೆಯೇ.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅವಳದೇ ಮಾತು.

"ನಂಗೆ ಮೊದಲು ಅರ್ಥ ಆಗಿರಲಿಲ್ಲ ಅತ್ತಿಗೆ. ಆ ಹುಡುಗ ಸಂಸಾರ ಅಂದ ಮೇಲೆ ತಟ್ಟಂತ ಹೊಳೀತು. ಆಸಿಡ್ ಅಂದ್ರೆ ನಮ್ಮಣ್ಣ ಅಲ್ವಾ?"

"ನಾನು ಆಸಿಡ್ಡಾ?" ಅಂದ ಅಣ್ಣ. "ಹಾಗಾದ್ರೆ ನಿಧಾನವಾಗಿ ಸುರೀರಿ. ಕಲಕ್ತಾ ಇರಿ."

ಇಬ್ಬರೂ ಬೀದಿಯಲ್ಲೇ ನಿಂತು ನಕ್ಕರು. ನಡುವೆ ನಡೆಯುತ್ತಿದ್ದವಳಿಗೆ ತನ್ನ ಹೆಜ್ಜೆ ಎಲ್ಲಿ ಬೀಳುತ್ತಿದೆ ಎಂಬುದೂ ಕಾಣುತ್ತಿರಲಿಲ್ಲ.

ಮನೆಗೆ ಬಂದು, ಅಣ್ಣ ಕರೆ ಬಂತೆಂದು ಯಾವುದೋ ಆಸ್ಪತ್ರೆಯ ಲಿಫ್ಟ್ ನೋಡಲು ಹೋದ ಮೇಲೆ, ನಾದಿನಿ ಡಬ್ಬವನ್ನು ಮೇಜಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಗೆ ಪ್ಲಗ್ ಹಾಕಿದಳು. ಅತ್ತಿಗೆ ಪ್ಯಾಸೇಜಿನ ಗೋಡೆಗೆ ಒರಗಿ ನಿಂತಳು.

"ಒಂದು ಮಾತು ಹೇಳಬೇಕು ಕಣೇ."

"ಹೇಳಿ ಅತ್ತಿಗೆ."

"ಅದು ಕಥೆ ಅಲ್ಲ."

"ಕವಿತೆ. ಗೊತ್ತಾಯ್ತು ಬಿಡಿ."

"ಕವಿತೇನೂ ಅಲ್ಲ. ನಮ್ಮ ಲ್ಯಾಬಿನ ಗೋಡೆ ಮೇಲೆ ಇರೋ ಬರಹ. ನಕಲು ಮಾಡಿದ್ದು. ಎಲ್ಲಾ ನಕಲು. ಬುಟ್ಟಿ ಖಾಲಿ ಇದ್ರೆ ನಿಂಗೆ ಅನುಮಾನ ಬರುತ್ತೆ ಅಂತ ಮುದುರಿ ಹಾಕ್ತಿದ್ದೆ. ಕಾದಂಬರಿ ಇಲ್ಲ. ಯಾವತ್ತೂ ಇರಲಿಲ್ಲ. ಆ ಕೋಣೆಯಲ್ಲಿ ನಾನು ನಿದ್ದೆ ಮಾಡ್ತೀನಿ."

ಇಸ್ತ್ರಿಪೆಟ್ಟಿಗೆಯ ಕೆಂಪು ದೀಪ ಆರಿತು. ಕಾದಿದೆ ಎಂದರ್ಥ. ನಾದಿನಿ ಅದನ್ನು ಎತ್ತಿಕೊಳ್ಳಲಿಲ್ಲ. ಡಬ್ಬದ ಮುಚ್ಚಳ ತೆಗೆದು, ಹಾಳೆಗಳ ಅಂಚನ್ನು ಹೆಬ್ಬೆರಳಿನಲ್ಲಿ ಸವರಿದಳು.

"ಬಸ್ಸಿನ ಟೈಮು ಓದಿದಾಗ ನಂಗೆ ಅನ್ನಿಸಿತ್ತು" ಅಂದಳು. ದನಿ ಬಹಳ ಮೆಲ್ಲಗಿತ್ತು, ಅಭ್ಯಾಸದ ಮೆಲ್ಲಗೆ. "ಇದೇನು ಬಸ್ಸಿನ ಟೈಮು ಬರೆದಿದ್ದಾರೆ ಅಂತ. ಆಮೇಲೆ ನಾನೇ ಅಂದ್ಕೊಂಡೆ, ನೀನು ಏಳನೇ ಕ್ಲಾಸು, ನಿಂಗೆಲ್ಲಿ ಇದು ತಿಳಿಯುತ್ತೆ ಅಂತ. ಎರಡೆರಡು ಸಲ ಓದ್ತಿದ್ದೆ ಅತ್ತಿಗೆ. ತಿಳೀತಿಲ್ವಲ್ಲ ಅಂತ ನಂಗೇ ನಾಚಿಕೆ ಆಗ್ತಿತ್ತು."

ಅವಳು ಏನೋ ಹೇಳಲು ಹೋದಳು.

"ಬೇಡ" ಅಂದಳು ನಾದಿನಿ. "ನೀವು ಬರೀದೇ ಇದ್ದರೆ ಬರೀದೇ ಇದ್ದೀರಿ. ಅದಕ್ಕೇನು? ಬರೆಯೋದೇನು ಸಾಲಾನಾ? ಆದರೆ ಖಾಲಿ ಹಾಳೆಗೆ ಇಸ್ತ್ರಿ ಮಾಡಿಸಿದ್ರಲ್ಲ ನನ್ನ ಕೈಲಿ. ಅಷ್ಟು ಜನರ ಮುಂದೆ ಹೊತ್ಕೊಂಡು ಬಂದೆ. ಮುಂಚೆ ಹೇಳೋಕೆ ಆಗ್ಲಿಲ್ವಾ? ಅಲ್ಲಿ ನನ್ನ ಮುಖ ನೋಡಿದ್ರಿ. ನೋಡಿ ಓದಿದ್ರಿ."

ಅಷ್ಟು ಹೇಳಿ ಗಂಟಿನಿಂದ ಒಂದು ಶರ್ಟು ಎಳೆದುಕೊಂಡು ಕೆಲಸಕ್ಕೆ ನಿಂತಳು.

ಆ ಮನೆಯಲ್ಲಿ ಜಗಳಕ್ಕೆ ಸದ್ದಿಲ್ಲ. ನಾದಿನಿ ಬಡಿಸುತ್ತಿದ್ದಳು, ತೊಳೆಯುತ್ತಿದ್ದಳು, ಕೋಣೆ ಗುಡಿಸುತ್ತಿದ್ದಳು, ಅಣ್ಣನ ಜೊತೆ ನಗುತ್ತಿದ್ದಳು. 'ಅತ್ತಿಗೆ' ಎಂಬ ಒಂದು ಪದವನ್ನು ಮಾತ್ರ ಬಳಸುತ್ತಿರಲಿಲ್ಲ. ಉಪ್ಪು ಬೇಕಾದರೆ ಗಾಳಿಗೆ ಕೇಳುವಳು. ಅಣ್ಣ ಇಬ್ಬರ ಮುಖವನ್ನೂ ನೋಡಿ, "ಕೇಬಲ್ ಎಲ್ಲೋ ಸಿಕ್ಕಿಹಾಕ್ಕೊಂಡಿದೆ" ಎಂದಷ್ಟೇ ಹೇಳಿದ.

ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬೇಗ ಬಂದಳು. ನಾದಿನಿ ಬಟ್ಟೆ ತರಲು ಹೋಗಿದ್ದಳು. ಕೋಣೆಯಲ್ಲಿದ್ದ ತನ್ನ ಸಣ್ಣ ಮೇಜು, ಕುರ್ಚಿ, ಬುಟ್ಟಿ ಹೊರಗೆ ತಂದಳು. ಇಸ್ತ್ರಿಯ ಉದ್ದ ಮೇಜನ್ನು ಒಬ್ಬಳೇ ಒಂದೊಂದು ಕಾಲು ಎತ್ತಿ ಸರಿಸುತ್ತಾ, ಗೋಡೆಗೆ ತರಚುತ್ತಾ, ಒಳಗೆ ಒಯ್ದು ಕಿಟಕಿಯ ಕೆಳಗೆ ನಿಲ್ಲಿಸಿದಳು. ಹಾಸಿದ ಕಂಬಳಿಯನ್ನು ಮೊದಲಿನ ಹಾಗೇ ಮಡಿಸಿ ಹಾಕಿದಳು. ಹಿಂದೆ ನಾದಿನಿ ದಾರದಲ್ಲಿ ಅಳೆದದ್ದು ಸರಿಯಾಗಿತ್ತು, ಮೇಜು ಗೋಡೆಯಿಂದ ಗೋಡೆಗೆ ಹೊಂದಿ ಕೂತಿತು. ಇದರಿಂದ ತನ್ನ ತಪ್ಪು ತೊಳೆಯುತ್ತದೆ ಎಂದು ಅವಳು ಅಂದುಕೊಳ್ಳಲಿಲ್ಲ. ಇದನ್ನು ಕೋಣೆ ಖಾಲಿಯಾದ ದಿನವೇ ಮಾಡಬೇಕಿತ್ತು ಎಂದಷ್ಟೇ ಅನ್ನಿಸಿತು. ಹಾಗೆ ಅನ್ನಿಸಿದಾಗ ಇನ್ನೂ ಕುಗ್ಗಿದಳು.

ನಾದಿನಿ ಬಂದು, ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಗಂಟು ಬಿಚ್ಚಿದಳು.

ಆ ಸಂಜೆ ಅವಳು ಪ್ಯಾಸೇಜಿನಲ್ಲಿ ಸಣ್ಣ ಮೇಜಿನ ಮುಂದೆ ಕೂತಳು. ಅಭ್ಯಾಸಬಲ, ಬೇರೆ ಹೋಗಲು ಜಾಗವೂ ಇರಲಿಲ್ಲ. ಅಲ್ಲಿನ ಸೆಖೆ ಇಸ್ತ್ರಿ ಇಲ್ಲದೆಯೂ ಕುತ್ತಿಗೆಗೆ ಹತ್ತುತ್ತಿತ್ತು. ಹಾಳೆ ತೆಗೆದು, ಪೆನ್ನು ಎತ್ತಬಾರದು ಎಂಬ ಮೊದಲ ದಿನದ ಅಭ್ಯಾಸವನ್ನೇ ಹಿಡಿದಳು. ಏನೂ ತೋಚುತ್ತಿಲ್ಲ, ಏನೂ ತೋಚುತ್ತಿಲ್ಲ. ಒಳಗಿನಿಂದ ಮಾತು ಕೇಳಿಸಿತು. ಕಿಟಕಿಯಲ್ಲಿ ಕನ್ನಡಕದಂಗಡಿಯವರು.

"ಏನಮ್ಮ, ಅಂಗಡಿ ಕಿಟಕಿಗೆ ಬಂತು? ಕಾದಂಬರಿ ಮುಗೀತಾ ಹಾಗಾದ್ರೆ?"

ಅವಳ ಕೈ ನಿಲ್ಲದೆ ಅದನ್ನೂ ಬರೆಯಿತು. ಒಳಗೆ ಇಸ್ತ್ರಿ ಜಾರುವ ಸದ್ದು. ಇಷ್ಟು ವರ್ಷ ಆ ಪ್ರಶ್ನೆಗೆ ನಾದಿನಿ ಕೊಡುತ್ತಿದ್ದ ಉತ್ತರ ಗೊತ್ತಿತ್ತು.

"ಕಾದಂಬರಿ ಇಲ್ಲ ಸರ್" ಅಂದಳು ನಾದಿನಿ. "ಇದ್ದಿದ್ರೆ ಹೇಳ್ತಿದ್ದೆ. ನಿಮ್ಮ ಈ ಶರ್ಟಿಗೆ ಎರಡನೇ ಗುಂಡಿ ಇಲ್ಲ. ಮೊದಲೇ ಇರಲಿಲ್ಲ, ಆಮೇಲೆ ನನ್ನ ಮೇಲೆ ಹಾಕ್ಬೇಡಿ."

ಅವಳು ಅದನ್ನೂ ಬರೆದಳು. ಗುಂಡಿಯನ್ನು ಬರೆದಳು, ಪೌಡರ್ ಹಚ್ಚಿದ ಕುತ್ತಿಗೆಯನ್ನು ಬರೆದಳು, ಚಮಚದ ತುದಿಯಿಂದ ಕುಕ್ಕರಿನ ಸೀಟಿ ಎತ್ತುವ ಕೈಯನ್ನು ಬರೆದಳು. ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದವು. ಹಾಳೆ ಮುಗಿದಾಗ ಓದಲು ಧೈರ್ಯ ಬರಲಿಲ್ಲ. ಮುದುರಿ ಬುಟ್ಟಿಗೆ ಹಾಕಿದಳು.

ಬೆಳಿಗ್ಗೆ ಶಾಲೆಗೆ ಹೊರಟು ನಿಂತಾಗ ನಾದಿನಿ ಗುಡಿಸುತ್ತಿದ್ದಳು. ಬುಟ್ಟಿ ಎತ್ತಿದಳು. ಒಂದೇ ಒಂದು ಮುದುರಿದ ಹಾಳೆ. ಅದನ್ನು ನೋಡಲೂ ಇಲ್ಲ, ತರಕಾರಿ ಸಿಪ್ಪೆಯ ಮೇಲೆ ಬೋರಲು ಹಾಕಿ, ಬೀದಿಗೆ ಬಂದ ಕಸದ ಗಾಡಿಗೆ ಕೊಟ್ಟು ಬಂದಳು.

ಅದು ನಿಜವಾದದ್ದು ಎಂದು ಕೂಗಬೇಕು ಅನ್ನಿಸಿತು ಅವಳಿಗೆ. ಯಾವ ಬಾಯಿಂದ ಕೂಗುವುದು? ಚಪ್ಪಲಿ ಮೆಟ್ಟಿಕೊಂಡು, ತಲೆ ತಗ್ಗಿಸಿ ಗಾಡಿಯ ಪಕ್ಕದಿಂದಲೇ ದಾಟಿ ಹೋದಳು.

ಸಂಜೆ ಮತ್ತೆ ಕೂತಳು. ಹೋದ ಪುಟ ನೆನಪಿದ್ದಷ್ಟು ಬಂತು, ನೆನಪಿಲ್ಲದ ಕಡೆ ಬೇರೆ ಏನೋ ಬಂತು. ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಬರೆಯುತ್ತಾ, ಡಬ್ಬ ತೆರೆದು ಹಾಳೆ ತೋರಿಸುವ ನಾದಿನಿಯ ಕೈಯವರೆಗೆ ಬಂದಿದ್ದಳು, ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮನೆಯೆಲ್ಲ ನಡುಗುವ ಹಾಗೆ, ಗಂಟಲು ಬಿಟ್ಟು ಕೂಗಿತು. ಯಾರೂ ಓಡಿಬರಲಿಲ್ಲ. ಮತ್ತೊಮ್ಮೆ ಕೂಗಿತು.

"ಅತ್ತಿಗೆ!" ಕೋಣೆಯೊಳಗಿಂದ ನಾದಿನಿಯ ದನಿ ಬಂತು. ಒರಟಾಗಿತ್ತು, ಜೋರಾಗಿತ್ತು. ಬರೆಯುವ ಹೊತ್ತಿನಲ್ಲಿ ಆ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಅವಳು ಕೇಳಿಯೇ ಇರಲಿಲ್ಲ. "ಕಿವಿ ಕೇಳಿಸ್ತಿಲ್ವಾ? ಒಲೆ ಆರಿಸಿ. ನನ್ನ ಕೈಲಿ ಇಸ್ತ್ರಿ ಇದೆ."

ಅವಳು ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಪೆನ್ನು ಕೆಳಗಿಟ್ಟು, ಒಲೆ ಆರಿಸಲು ಓಡಿದಳು.